ಗ್ಯಾಲರಿಯಲ್ಲಿ ಕೂತು ಮಾತು ಕಲಿತ ಫ್ಯಾರಡೆ

ಮೈಕೆಲ್ ಫ್ಯಾರಡೆ ಅಂದ ತಕ್ಷಣ ನಮಗೆ ನೆನಪಾಗೋದು ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್. ಎರಡು ನಿಯಮ, ಒಂದು ಸೂತ್ರ, ಅದರಲ್ಲಿ ಬರೆಯೋಕೆ ಮರೆತು ಅಂಕ ಕಳ್ಕೊಳ್ಳೋ ಒಂದು ಮೈನಸ್ ಚಿಹ್ನೆ. ಆಮೇಲೆ ಕೆಪಾಸಿಟರ್ ಮೇಲೆ ಕಾಣೋ ಮೈಕ್ರೋಫ್ಯಾರಡ್. ಅಲ್ಲಿಗೆ ಮುಗೀತು. ಆದರೆ ಈ ಮನುಷ್ಯನಿಗೆ ಇನ್ನೊಂದು ಹುಚ್ಚಿತ್ತು. ಒಂದು ಉಪನ್ಯಾಸ ಯಾಕೆ ಮನಸ್ಸಲ್ಲಿ ಉಳಿಯುತ್ತೆ, ಇನ್ನೊಂದು ಯಾಕೆ ನಿದ್ದೆ ತರಿಸುತ್ತೆ ಅನ್ನೋದನ್ನು ಆತ ಲ್ಯಾಬಿನ ಪ್ರಯೋಗದಷ್ಟೇ ಶ್ರದ್ಧೆಯಿಂದ ಸುಮಾರು ಐವತ್ತು ವರ್ಷ ಗಮನಿಸಿದ.

ಈ ಸಂಚಿಕೆಗೆ ಆತನನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಕ್ಯಾಂಪಸ್ಸುಗಳಲ್ಲಿ ಈಗ ಓಪನ್ ಸೋರ್ಸ್ ಹಬ್ಬಗಳ ಕಾಲ. ಟಾಕ್ ಕೊಡ್ತೀವಿ ಅಂತ ಅರ್ಜಿಗಳು ಬರ್ತವೆ, ಆರಿಸೋಕೆ ಒಂದು ಗುಂಪು ಕೂರುತ್ತೆ, ಟಾಕ್ ಮುಗಿದ ಮೇಲೆ ಫೀಡ್‌ಬ್ಯಾಕ್ ಫಾರ್ಮ್ ಓಡಾಡುತ್ತೆ. ಹತ್ತಕ್ಕೆ ಎಂಟು, ಹತ್ತಕ್ಕೆ ಆರು. ಆ ಎಂಟು ಯಾವುದಕ್ಕೆ ಸಿಕ್ಕಿತು ಅಂತ ಕೇಳಿದರೆ ಯಾರಿಗೂ ಸರಿಯಾಗಿ ಹೇಳೋಕೆ ಬರಲ್ಲ. ಇಂಗ್ಲಿಷ್ ಸರಾಗವಾಗಿತ್ತು, ಸ್ಲೈಡು ಚೆನ್ನಾಗಿತ್ತು, ನಡುನಡುವೆ ನಗಿಸಿದರು. ಇತ್ತ ಆರು ತಿಂಗಳಿಂದ ಯಾವುದೋ ಲೈಬ್ರರಿಯ ಬಗ್‌ಗಳನ್ನು ಸದ್ದಿಲ್ಲದೆ ಸರಿಪಡಿಸಿ ಕಳಿಸುತ್ತಿರೋ ಹುಡುಗಿ ಅರ್ಜಿಯನ್ನೇ ಹಾಕಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳು, ಸ್ಟೇಜ್ ಮೇಲೆ ತಡವರಿಸಿದರೆ ನಗ್ತಾರೇನೋ ಅನ್ನೋ ಭಯ. ಇಂಥವರು ಪ್ರತಿ ಬ್ರಾಂಚಿನಲ್ಲೂ ಇದ್ದಾರೆ, ನಮಗೆಲ್ಲ ಗೊತ್ತು. ಟಾಕ್ ಒಂದರ ಗುಣ ಅಳೆಯೋದು ಹೇಗೆ ಅನ್ನೋ ಪ್ರಶ್ನೆ ಹೊತ್ತು ಫ್ಯಾರಡೆಯ ಬದುಕನ್ನು ಓದಿದರೆ ಬೇರೆಯದೇ ಕಥೆ ಕಾಣುತ್ತೆ.

1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂವಿಂಗ್ಟನ್ ಬಟ್ಸ್‌ನಲ್ಲಿ ಆತ ಹುಟ್ಟಿದ. ಅಪ್ಪ ಜೇಮ್ಸ್ ಕಮ್ಮಾರ, ಆರೋಗ್ಯ ಸರಿಯಿಲ್ಲದೆ ಕೆಲಸ ಆಗಾಗ ನಿಲ್ಲುತ್ತಿತ್ತು. ಒಂದು ಬ್ರೆಡ್ಡು ಕೈಗಿಟ್ಟರೆ ಅದೇ ವಾರವಿಡೀ ಬರಬೇಕು ಅನ್ನುವಂಥ ಬಡತನ. ಶಾಲೆಯಲ್ಲಿ ಕಲಿತಿದ್ದು ಓದು, ಬರಹ, ಸ್ವಲ್ಪ ಲೆಕ್ಕ. ಜೊತೆಗೆ ಹುಡುಗನಿಗೆ ರಕಾರ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಅಣ್ಣನ ಹೆಸರು ರಾಬರ್ಟ್, ಅದನ್ನೇ ಸರಿಯಾಗಿ ಹೇಳೋಕೆ ಬರ್ತಿರಲಿಲ್ಲ. ಜೀವನಚರಿತ್ರೆಗಳಲ್ಲಿ ಒಂದು ಕಥೆ ಬರುತ್ತೆ: ಉಚ್ಚಾರಣೆ ತಿದ್ದೋಕೆ ಅಂತ ಟೀಚರಮ್ಮ ಅಣ್ಣನ ಕೈಗೇ ಕಾಸು ಕೊಟ್ಟು, ತಮ್ಮನಿಗೆ ಬಾರಿಸೋಕೆ ಬೆತ್ತ ಕೊಂಡು ತಾ ಅಂದಳಂತೆ. ರಾಬರ್ಟ್ ಆ ಕಾಸನ್ನು ಗೋಡೆಯಾಚೆ ಎಸೆದು ಸೀದಾ ಅಮ್ಮನ ಹತ್ತಿರ ಓಡಿದ. ಅಮ್ಮ ಇಬ್ಬರನ್ನೂ ಆ ಶಾಲೆಯಿಂದ ಬಿಡಿಸಿದಳು. ಮುಂದೆ ಲಂಡನ್ನಿನ ಅತ್ಯುತ್ತಮ ಭಾಷಣಕಾರರಲ್ಲಿ ಒಬ್ಬ ಅನ್ನಿಸಿಕೊಳ್ಳಲಿದ್ದ ಮನುಷ್ಯ ಶುರು ಮಾಡಿದ್ದು ಇಲ್ಲಿಂದ.

1804ರಲ್ಲಿ, ಹದಿಮೂರರ ವಯಸ್ಸಿಗೆ, ಬ್ಲ್ಯಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋನ ಪುಸ್ತಕದಂಗಡಿಯಲ್ಲಿ ಪೇಪರ್ ಹಂಚೋ ಕೆಲಸಕ್ಕೆ ಸೇರಿದ. ಮರುವರ್ಷ ಅಲ್ಲೇ ಏಳು ವರ್ಷದ ಕರಾರಿನ ಮೇಲೆ ಬೈಂಡಿಂಗ್ ಕಲಿಯೋ ಹುಡುಗನಾದ. ಹೊಲಿಯೋಕೆ ಬಂದ ಪುಸ್ತಕವನ್ನು ಹೊಲಿಯೋ ಮುಂಚೆ ಓದೋದು ಅಭ್ಯಾಸವಾಯ್ತು. ಬ್ರಿಟಾನಿಕಾ ವಿಶ್ವಕೋಶದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಸಂವಾದಗಳು, ಇವೆರಡು ಆತನನ್ನು ಹಿಡಿದು ಕೂರಿಸಿದವು. ಓದಿದ್ದನ್ನು ಸುಮ್ಮನೆ ನಂಬಲಿಲ್ಲ, ಕೈಗೆಟಕುವ ಖರ್ಚಿನಲ್ಲಿ ಮಾಡಿ ನೋಡಿದ.

1810ರಲ್ಲಿ ಫ್ಲೀಟ್ ಸ್ಟ್ರೀಟ್ ಹತ್ತಿರದ ಡಾರ್ಸೆಟ್ ಬೀದಿಯಲ್ಲಿ ಜಾನ್ ಟೇಟಮ್ ಅನ್ನೋರು ತಮ್ಮ ಮನೆಯಲ್ಲೇ ವಿಜ್ಞಾನದ ಉಪನ್ಯಾಸ ನಡೆಸ್ತಾರೆ ಅಂತ ಗೊತ್ತಾಯ್ತು. ಒಂದು ಸಂಜೆಗೆ ಒಂದು ಶಿಲ್ಲಿಂಗ್. ಹುಡುಗನ ಹತ್ತಿರ ಎಲ್ಲಿಂದ ಬರಬೇಕು? ಅಪ್ಪನಂತೆಯೇ ಕಮ್ಮಾರಿಕೆ ಮಾಡುತ್ತಿದ್ದ ಅದೇ ರಾಬರ್ಟ್ ಕೊಟ್ಟ. ಅಲ್ಲಿಗೆ ಬರ್ತಿದ್ದವರೂ ಹೆಚ್ಚಿನವರು ಗುಮಾಸ್ತರು, ಕುಶಲಕರ್ಮಿಗಳು. ಸಿಟಿ ಫಿಲಾಸಫಿಕಲ್ ಸೊಸೈಟಿ ಅಂತ ತಮ್ಮದೇ ಸಂಘ ಕಟ್ಟಿಕೊಂಡು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದರು. ಈಗಿನ ಮಾತಲ್ಲಿ ಹೇಳೋದಾದ್ರೆ ಮೀಟಪ್.

ಫ್ಯಾರಡೆ ಅಲ್ಲಿ ಕೇಳಿದ ರೀತಿಯೇ ಬೇರೆ. ಉಪನ್ಯಾಸ ನಡೆಯುವಾಗ ಮುಖ್ಯ ಪದಗಳನ್ನಷ್ಟೇ ಗೀಚಿಕೊಳ್ಳೋದು, ಮನೆಗೆ ಬಂದು ಅದನ್ನು ಬಿಡಿಸಿ ಬರೆಯೋದು, ಆಮೇಲೆ ಚಿತ್ರ ಸಮೇತ ಶುದ್ಧಪ್ರತಿ ಮಾಡೋದು. ಉಪಕರಣಗಳನ್ನು ಸರಿಯಾಗಿ ಬಿಡಿಸಬೇಕು ಅಂತ ರೀಬೋನ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದ ಫ್ರೆಂಚ್ ಚಿತ್ರಕಾರನ ಹತ್ತಿರ ಪರ್ಸ್‌ಪೆಕ್ಟಿವ್ ಡ್ರಾಯಿಂಗ್ ಕಲಿತ. (ಇಂಜಿನಿಯರಿಂಗ್ ಗ್ರಾಫಿಕ್ಸ್ ಅಂದರೆ ಮುಖ ಸಿಂಡರಿಸೋ ನಮ್ಮಂಥವರು ಇದನ್ನು ಎರಡು ಸಲ ಓದೋದು ಒಳ್ಳೇದು.) ಹೀಗೆ ಬರೆದದ್ದನ್ನು ತಾನೇ ಬೈಂಡ್ ಮಾಡಿಟ್ಟ. ಒಂದು ಉಪನ್ಯಾಸವನ್ನು ಮತ್ತೆ ಕಾಗದದ ಮೇಲೆ ಕಟ್ಟೋಕೆ ಹೊರಟಾಗ ಅದರಲ್ಲಿ ಎಲ್ಲಿ ಮೆಟ್ಟಿಲು ತಪ್ಪಿದೆ, ಯಾವುದು ಬರೀ ಸದ್ದು ಅನ್ನೋದು ತಾನಾಗಿ ಗೊತ್ತಾಗುತ್ತೆ. ಚಪ್ಪಾಳೆ ಹೊಡೆದು ಎದ್ದು ಬಂದವನಿಗೆ ಅದು ಗೊತ್ತಾಗಲ್ಲ.

1812ರ ಮೊದಲ ತಿಂಗಳುಗಳಲ್ಲಿ ಅಂಗಡಿಯ ಗಿರಾಕಿ ವಿಲಿಯಂ ಡ್ಯಾನ್ಸ್ ಆತನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಟಿಕೆಟ್ ಕೊಟ್ಟ. ಆಲ್ಬೆಮಾರ್ಲ್ ಬೀದಿಯ ಆ ಸಂಸ್ಥೆಯಲ್ಲಿ ಹಂಫ್ರಿ ಡೇವಿಯ ಉಪನ್ಯಾಸ ಅಂದರೆ ಲಂಡನ್ನಿನ ಶ್ರೀಮಂತರೆಲ್ಲ ಹಾಜರು. ಕುದುರೆಗಾಡಿಗಳ ದಟ್ಟಣೆ ತಾಳಲಾರದೆ ಆ ಬೀದಿಯನ್ನು ಏಕಮುಖ ಸಂಚಾರ ಮಾಡಬೇಕಾಯ್ತು ಅಂತಾರೆ. ಫ್ಯಾರಡೆ ಮೇಲಿನ ಗ್ಯಾಲರಿಯಲ್ಲಿ, ಗಡಿಯಾರದ ನೇರಕ್ಕೆ ಕೂತು ನಾಲ್ಕು ಉಪನ್ಯಾಸ ಕೇಳಿದ. ಎಂದಿನಂತೆ ಬರೆದ, ಬಿಡಿಸಿದ, ಬೈಂಡ್ ಮಾಡಿದ. ಮುನ್ನೂರಕ್ಕೂ ಹೆಚ್ಚು ಪುಟ. ಆ ವರ್ಷದ ಕೊನೆಗೆ, ಕರಾರು ಮುಗಿದು ಸಿಡುಕು ಸ್ವಭಾವದ ಇನ್ನೊಬ್ಬ ಬೈಂಡರ್ ಕೈಕೆಳಗೆ ಒದ್ದಾಡುತ್ತಿದ್ದಾಗ, ಆ ಪುಸ್ತಕವನ್ನೇ ಡೇವಿಗೆ ಕಳಿಸಿ ಕೆಲಸ ಕೇಳಿದ. 1813ರ ಆರಂಭದಲ್ಲಿ ಅಲ್ಲಿನ ಲ್ಯಾಬ್ ಸಹಾಯಕ ಹೊಡೆದಾಟ ಮಾಡಿ ಕೆಲಸ ಕಳ್ಕೊಂಡ, ಮಾರ್ಚ್ 1ರಂದು ಜಾಗ ಫ್ಯಾರಡೆಗೆ ಸಿಕ್ತು. ವಾರಕ್ಕೆ 25 ಶಿಲ್ಲಿಂಗ್, ಮಾಳಿಗೆಯಲ್ಲಿ ಎರಡು ಕೋಣೆ, ಉರುವಲು, ಮೇಣದಬತ್ತಿ.

ಆತನ ರೆಸ್ಯೂಮೆ ಅಂದ್ರೆ ಇನ್ನೊಬ್ಬನ ಟಾಕ್‌ನ ನೋಟ್ಸು, ಅಷ್ಟೇ.

ಸಹಾಯಕ ಅಂದ ಮೇಲೆ ಪ್ರತಿ ಉಪನ್ಯಾಸಕ್ಕೂ ಉಪಕರಣ ಜೋಡಿಸಬೇಕು, ಪಕ್ಕದಲ್ಲಿ ನಿಲ್ಲಬೇಕು. ಮಾತಾಡೋರನ್ನೂ ಕೇಳೋರನ್ನೂ ಒಟ್ಟಿಗೆ ನೋಡೋ ಜಾಗ ಅದು. ಮೂರು ತಿಂಗಳಾಗುವಷ್ಟರಲ್ಲಿ, 1813ರ ಜೂನ್‌ನಲ್ಲಿ, ಗೆಳೆಯ ಬೆಂಜಮಿನ್ ಆ್ಯಬಟ್‌ಗೆ ಆತ ಬರೆದ ಸಾಲುಸಾಲು ಪತ್ರಗಳು ಉಳಿದಿವೆ. ವಯಸ್ಸು ಇಪ್ಪತ್ತೊಂದು, ನಮ್ಮ ಫೈನಲ್ ಇಯರ್ ಅಂದುಕೊಳ್ಳಿ. ಆಗ ಒಂದೂ ಉಪನ್ಯಾಸ ಕೊಟ್ಟವನಲ್ಲ, ತನಗೆ ಆ ಯೋಗ್ಯತೆ ಇಲ್ಲ ಅಂತ ಮೊದಲೇ ಹೇಳಿಕೊಂಡು, ಉಪನ್ಯಾಸ ಹೇಗಿರಬೇಕು ಅಂತ ಪುಟಗಟ್ಟಲೆ ಬರೆಯುತ್ತಾನೆ.

ಆತ ಶುರು ಮಾಡೋದು ಎಲ್ಲಿಂದ ಅಂತೀರಿ? ಕೋಣೆಯಿಂದ. ಗಾಳಿ ಆಡದ ಹಾಲ್‌ನಲ್ಲಿ ತಾನೇ ಕೂತು ಯಾವಾಗ ಮುಗಿಯುತ್ತಪ್ಪಾ ಅಂತ ಕಾದದ್ದುಂಟು, ಅಲ್ಲಿ ಎಂಥ ಮಾತುಗಾರ ಬಂದರೂ ವ್ಯರ್ಥ ಅಂತಾನೆ. ಒಳಗೆ ಬರೋ ದಾರಿ, ಹೊರಗೆ ಹೋಗೋ ದಾರಿ, ಯಾವ ಹೊತ್ತಿಗೆ ಯಾವ ವಿಷಯ, ಎಲ್ಲದರ ಬಗ್ಗೆಯೂ ಅಭಿಪ್ರಾಯ ಇದೆ. ಆಮೇಲೆ ಉಪಕರಣ. ಹಿಂದಿನ ಸಾಲಿಗೆ ಕಾಣದಷ್ಟು ಚಿಕ್ಕ ಉಪಕರಣ ಮೇಜಿನ ಮೇಲಿದ್ದೂ ಇಲ್ಲದಂತೆ. ಮೇಜಿನ ಮೇಲಿನ ಸಾಮಾನು ಮಾತಾಡುವವನನ್ನೇ ಮರೆಮಾಡಬಾರದು. (ಕಪ್ಪು ಟರ್ಮಿನಲ್‌ನಲ್ಲಿ ಹತ್ತರ ಫಾಂಟಿಟ್ಟು ಲೈವ್ ಕೋಡಿಂಗ್ ಮಾಡೋರನ್ನು ಆತ ನೋಡಿದ್ದರೆ ಏನು ಬರೀತಿದ್ದನೋ!) ಮಾತು ಅವಸರದ್ದಾಗಿರಬಾರದು. ಕೇಳುಗರಿಗೆ ಬೆನ್ನು ಹಾಕಬಾರದು. ಬರೆದುಕೊಂಡು ಬರಬಹುದು, ಆದರೆ ನೋಡಿಕೊಂಡು ಓದಬಾರದು. ಒಂದು ಗಂಟೆ ಸಾಕು, ಅದಕ್ಕಿಂತ ಜಾಸ್ತಿ ಯಾರಿಗೂ ಬೇಡ.

ಅದರಲ್ಲಿ ಎರಡು ಮಾತು ನಮಗೆ ತುಂಬಾ ಹಿಡಿಸಿದವು. ಒಂದು, ಕ್ಷಮೆ ಕೇಳೋ ಚಟದ ಬಗ್ಗೆ. ಏನೋ ಸಣ್ಣದು ತಪ್ಪಿತು ಅಂತ ಮಾತುಗಾರ ಕ್ಷಮೆ ಕೇಳಿದಾಗಲೇ ಜನಕ್ಕೆ ತಪ್ಪು ಕಾಣೋದು, ಸುಮ್ಮನಿದ್ದಿದ್ದರೆ ಯಾರ ಗಮನಕ್ಕೂ ಬರ್ತಿರಲಿಲ್ಲ, ಹೀಗಾಗೋದನ್ನು ತಾನು ಎಷ್ಟೋ ಸಲ ನೋಡಿದ್ದೇನೆ ಅಂತಾನೆ. ನನ್ನ ಇಂಗ್ಲಿಷ್ ಸರಿಯಿಲ್ಲ, ಕ್ಷಮಿಸಿ ಅಂತಲೇ ಟಾಕ್ ಶುರು ಮಾಡೋ ನಮ್ಮ ಗೆಳೆಯರಿಗೆ ಇದನ್ನು ಅರ್ಪಿಸಬಹುದು. ಇನ್ನೊಂದು, ಚಪ್ಪಾಳೆಗೆ ಗಾಳ ಹಾಕೋದರ ಬಗ್ಗೆ. ಮೆಚ್ಚುಗೆ ಗಿಟ್ಟಿಸೋಕೆ ಅಂತಲೇ ವಾಕ್ಯ ಹೊಸೆಯುವವನು ತನ್ನ ಸ್ಥಾನದಿಂದ ಕೆಳಗೆ ಬಿದ್ದ ಹಾಗೆ. ಹಾಗಂತ ಆತ ಮಾತಿನ ಸೊಗಸನ್ನು ತಳ್ಳಿಹಾಕಲಿಲ್ಲ. ವಿಜ್ಞಾನಿಗೆ ವಿಷಯ ಯಾವ ವೇಷದಲ್ಲಿದ್ದರೂ ಚಂದವೇ, ಸಾಮಾನ್ಯ ಜನ ಒಂದು ಗಂಟೆ ಜೊತೆಗೆ ನಡೀಬೇಕಾದರೆ ದಾರಿ ಹಿತವಾಗಿರಬೇಕು, ಇದೂ ಆತನದೇ ಮಾತಿನ ಸಾರ.

ಆ ವರ್ಷದ ಅಕ್ಟೋಬರಿನಲ್ಲಿ ಡೇವಿ ದಂಪತಿ ಜೊತೆ ಯೂರೋಪ್ ಪ್ರವಾಸ ಹೊರಟ. ಡೇವಿಯ ಆಳು ಬರಲು ಒಪ್ಪದ್ದರಿಂದ ಆ ಚಾಕರಿಯೂ ಇವನ ತಲೆಗೆ ಬಿತ್ತು, ಲೇಡಿ ಡೇವಿ ಇವನನ್ನು ಆಳಿನಂತೆಯೇ ನಡೆಸಿಕೊಂಡಳು. ಪ್ಯಾರಿಸ್ಸಿನಲ್ಲಿ ಆಂಪಿಯರ್, ಮಿಲಾನಿನಲ್ಲಿ ವೋಲ್ಟಾ ನೋಡಸಿಕ್ಕರು. 1815ರಲ್ಲಿ ವಾಪಸ್.

1816ರ ಜನವರಿಯಲ್ಲಿ ಆತ ಮೊದಲ ಉಪನ್ಯಾಸ ಕೊಟ್ಟ. ರಾಯಲ್ ಇನ್‌ಸ್ಟಿಟ್ಯೂಷನ್ನಿನ ವೈಭವದಲ್ಲಲ್ಲ, ತಾನು ಕೂತು ಕೇಳಿದ್ದ ಅದೇ ಸಿಟಿ ಫಿಲಾಸಫಿಕಲ್ ಸೊಸೈಟಿಯಲ್ಲಿ. ಈ ಹೊತ್ತಿಗೆ ಗೆಳೆಯರ ಒಂದು ಸಣ್ಣ ಗುಂಪು ವಾರಕ್ಕೊಮ್ಮೆ ಸೇರಿ, ಒಟ್ಟಿಗೆ ಓದಿ, ಒಬ್ಬರ ಉಚ್ಚಾರಣೆ, ವಾಕ್ಯರಚನೆಯನ್ನು ಇನ್ನೊಬ್ಬರು ತಿದ್ದೋದು ನಡೆದಿತ್ತು. ಎಡ್ವರ್ಡ್ ಮಗ್ರಾತ್ ಅನ್ನೋ ಗೆಳೆಯ ವಾರಕ್ಕೆ ಎರಡು ಗಂಟೆಯಂತೆ ಏಳು ವರ್ಷ ಫ್ಯಾರಡೆಯ ಭಾಷೆ ತಿದ್ದಿದ. ಏಳು ವರ್ಷ! 1818ರಲ್ಲಿ ಬೆಂಜಮಿನ್ ಸ್ಮಾರ್ಟ್ ಅನ್ನೋ ಭಾಷಣಕಲೆಯ ಮೇಷ್ಟ್ರ ತರಗತಿಗೂ ಹೋದ, ಅಲ್ಲೂ ನೂರಕ್ಕೂ ಹೆಚ್ಚು ಪುಟ ನೋಟ್ಸ್.

ಮುಂದೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾತಾಡೋಕೆ ನಿಂತಾಗಲೂ ಮಗ್ರಾತ್ ಕೇಳುಗರ ನಡುವೆ ಕೂತಿರ್ತಿದ್ದ. ಕೆಲಸ ಒಂದೇ, ತಪ್ಪು ಪಟ್ಟಿ ಮಾಡೋದು. ಎಲ್ಲಿ ಉಚ್ಚಾರಣೆ ಹೊರಳಿತು, ಎಲ್ಲಿ ಮಾತು ತೊಡರಿತು. ಫ್ಯಾರಡೆ ಪ್ರತಿ ಸಲವೂ ಆ ಪಟ್ಟಿಯನ್ನು ಧನ್ಯವಾದ ಹೇಳಿ ತಗೊಳ್ತಿದ್ದ. ಹೇಳಿದ್ದೆಲ್ಲವನ್ನೂ ಒಪ್ಪುತ್ತಿರಲಿಲ್ಲ, ಆದರೆ ಒಪ್ಪದೇ ಇದ್ದರೂ ಹೇಳೋದನ್ನು ನಿಲ್ಲಿಸಬೇಡ ಅನ್ನೋ ಧೋರಣೆ. ಕೋಡ್ ರಿವ್ಯೂಗೆ ಒಳಪಟ್ಟವರಿಗೆ ಇದರ ಬೆಲೆ ಗೊತ್ತು. ಎಲ್ಲ ಕಮೆಂಟನ್ನೂ ಸೇರಿಸಿಕೊಳ್ಳಬೇಕಿಲ್ಲ, ಕಮೆಂಟ್ ಮಾಡೋ ಬಾಯಿ ಮುಚ್ಚಿಸಬಾರದು.

ಇನ್ನೂ ಒಂದಿದೆ. ಮಾತಾಡ್ತಾ ಆಡ್ತಾ ಆತನಿಗೆ ವೇಗ ಹೆಚ್ಚಾಗಿಬಿಡ್ತಿತ್ತು. ಅದಕ್ಕೆ ನಿಧಾನ ಅಂತ ದಪ್ಪಕ್ಷರದಲ್ಲಿ ಬರೆದ ಕಾರ್ಡೊಂದು ಕಣ್ಣೆದುರಿಗೇ ಇರ್ತಿತ್ತು. ಅದನ್ನೂ ಮರೆತು ಓಡಿದರೆ ಸಹಾಯಕ ಆ್ಯಂಡರ್ಸನ್ ಕಾರ್ಡನ್ನು ಎತ್ತಿ ಮುಂದಿಡಬೇಕು ಅಂತ ಅಪ್ಪಣೆ. ಗಂಟೆ ಮುಗಿಯುತ್ತಾ ಬಂದಾಗ ಸಮಯ ಅಂತ ಬರೆದ ಇನ್ನೊಂದು ಕಾರ್ಡು. ನಮ್ಮ ಸೆಮಿನಾರ್ ಹಾಲ್‌ನಲ್ಲಿ ಮೊದಲ ಸಾಲಿನ ವಾಲಂಟಿಯರ್ ಎತ್ತಿ ಹಿಡಿಯೋ ಐದು ನಿಮಿಷದ ಬೋರ್ಡನ್ನು ನೋಡಿದಾಗಲೆಲ್ಲ ಇದು ನೆನಪಾಗಲಿ.

ಅಂದರೆ ರಕಾರ ಬರದ ಹುಡುಗನಿಗೆ ಮಾತು ಹುಟ್ಟಿನಿಂದ ಬಂದ ವರವಾಗಿರಲಿಲ್ಲ. ಗೆಳೆಯರು, ಮೇಷ್ಟ್ರು, ಎರಡು ಕಾರ್ಡು ಸೇರಿ ಮಾಡಿದ್ದು. ಕಲಿಯೋಕೆ ಆಗೋದನ್ನು ಮೊದಲ ದಿನವೇ ಇರಬೇಕು ಅಂತ ಅರ್ಜಿ ಆರಿಸೋರು ಕೇಳೋದು ನ್ಯಾಯ ಅಲ್ಲ ಅಂತ ನಮಗನ್ನಿಸುತ್ತೆ. ಆ ಹಂತದಲ್ಲಿ ಕೇಳಬೇಕಾದ್ದು, ಈ ಮನುಷ್ಯನ ಹತ್ತಿರ ತೋರಿಸೋಕೆ ಏನಾದರೂ ಇದೆಯಾ ಅಂತ.

ತೋರಿಸೋದರಲ್ಲಿ ಫ್ಯಾರಡೆಯನ್ನು ಮೀರಿಸೋರು ಇರಲಿಲ್ಲ. 1821ರಲ್ಲಿ, ಸಾರಾ ಬರ್ನಾರ್ಡ್ ಜೊತೆ ಮದುವೆಯಾದ ವರ್ಷ, ಕರೆಂಟು ಹರಿಯೋ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದ. ಮೋಟರಿನ ಮೂಲ ಅದು. ಅವಸರದಲ್ಲಿ ಪ್ರಕಟಿಸಿದ, ಅದೇ ದಿಕ್ಕಿನಲ್ಲಿ ಯೋಚಿಸಿದ್ದ ವೊಲಾಸ್ಟನ್‌ನ ಹೆಸರು ಹೇಳಲಿಲ್ಲ, ಇನ್ನೊಬ್ಬರ ಐಡಿಯಾ ಕದ್ದ ಅನ್ನೋ ಗುಸುಗುಸು ವರ್ಷಗಟ್ಟಲೆ ಬೆನ್ನು ಹತ್ತಿತು. 1824ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆಯಾಗುವಾಗ ಸ್ವತಃ ಡೇವಿಯೇ ವಿರೋಧಿಸಿದ. ಆದರೆ ಅದೇ ಹೊತ್ತಲ್ಲಿ ಫ್ಯಾರಡೆ ಮಾಡಿದ ಇನ್ನೊಂದು ಕೆಲಸ ನೋಡಿ. ಆ ತಿರುಗೋ ಉಪಕರಣದ ಜೇಬಿನಲ್ಲಿ ಹಿಡಿಯೋ ಗಾತ್ರದ ಮಾದರಿಗಳನ್ನು ಮಾಡಿ ಯೂರೋಪಿನ ವಿಜ್ಞಾನಿಗಳಿಗೆ ಕಳಿಸಿದ. ಓದಿ ನಂಬೋದು ಬೇಡ, ನಿಮ್ಮ ಮೇಜಿನ ಮೇಲೇ ತಿರುಗಿಸಿ ನೋಡಿ ಅನ್ನೋ ಹಾಗೆ. ಒಳ್ಳೇ ಟಾಕ್ ಕೊನೆಯಲ್ಲಿ ರೆಪೊ ಲಿಂಕ್ ಹಾಕ್ತಾರಲ್ಲ, ಕ್ಲೋನ್ ಮಾಡಿದರೆ ನಿಜವಾಗಿಯೂ ಓಡೋ ರೆಪೊ, ಅದು ಇದರ ವಂಶದ್ದೇ.

1825ರಲ್ಲಿ ಲ್ಯಾಬಿನ ನಿರ್ದೇಶಕನಾದ. ಅದರ ಬೆನ್ನಿಗೇ ಶುಕ್ರವಾರ ಸಂಜೆಯ ಉಪನ್ಯಾಸಗಳು, ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದವು. ಎರಡೂ ಇವತ್ತಿಗೂ ನಡೀತಿವೆ. ಶುಕ್ರವಾರದ ಸಭೆಗಳ ಏರ್ಪಾಡು ಬಹುಮಟ್ಟಿಗೆ ಫ್ಯಾರಡೆಯ ಹೆಗಲ ಮೇಲಿತ್ತು, ಆತ ಸ್ವತಃ ನೂರಕ್ಕೂ ಹೆಚ್ಚು ಶುಕ್ರವಾರ ಮಾತಾಡಿದ. ಕ್ರಿಸ್‌ಮಸ್ ಸರಣಿ 1827ರಿಂದ 1860ರವರೆಗೆ 19 ಸಲ. ಕಲ್ಲು ಕೈಬಿಟ್ಟರೆ ಬೀಳುತ್ತೆ ಅಂತ ಹೇಳಬೇಕಾದರೂ ಕಲ್ಲು ಹಿಡಿದು ಬೀಳಿಸಿಯೇ ತೋರಿಸಬೇಕು, ಕೇಳುಗರಿಗೆ ಇದು ಗೊತ್ತಿರುತ್ತೆ ಅಂತ ಏನನ್ನೂ ಅಂದುಕೊಳ್ಳಬಾರದು ಅನ್ನೋದು ಎಳೆಯ ಉಪನ್ಯಾಸಕನೊಬ್ಬನಿಗೆ ಆತ ಕೊಟ್ಟ ಸಲಹೆ. ದೊಡ್ಡ ವಿದ್ಯುತ್ಕಾಂತದ ಶಕ್ತಿ ತೋರಿಸೋಕೆ ಇಕ್ಕಳ, ಒಲೆ ಕೆದಕೋ ಸಲಾಕೆ, ಕೊನೆಗೆ ಕಲ್ಲಿದ್ದಲು ತುಂಬಿದ ಕಬ್ಬಿಣದ ಡಬ್ಬವನ್ನೇ ಅದರತ್ತ ಎಸೆದನಂತೆ. ಎಲ್ಲ ಹೋಗಿ ಅಂಟಿಕೊಂಡವು. ಮಕ್ಕಳು ಆ ಸಂಜೆಯನ್ನು ಮರೆತಿರಲಾರರು.

1831ರ ಆಗಸ್ಟ್ 29ರಂದು ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ಸುತ್ತಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ಬಗ್ಗೆ ನಾವು ಹೊಸದಾಗಿ ಹೇಳಬೇಕಿಲ್ಲ. ಆತನ ಲ್ಯಾಬ್ ದಿನಚರಿಯ ಬಗ್ಗೆ ಮಾತ್ರ ಒಂದು ಮಾತು. 1832ರಿಂದ ಪ್ರತಿ ಪ್ಯಾರಾಕ್ಕೂ ಕ್ರಮಸಂಖ್ಯೆ ಹಾಕುತ್ತಾ ಹೋದ, ಕೊನೆಯ ಸಂಖ್ಯೆ 16041. ಗೆದ್ದದ್ದೂ ಸೋತದ್ದೂ ಅಲ್ಲೇ. ಗುರುತ್ವಕ್ಕೂ ವಿದ್ಯುತ್ತಿಗೂ ನಂಟು ಹುಡುಕಿ ಏನೂ ಸಿಗದೇ ಹೋದಾಗ, ಸಿಗಲಿಲ್ಲ ಅನ್ನೋದನ್ನೇ ಪ್ರಬಂಧ ಬರೆದು ರಾಯಲ್ ಸೊಸೈಟಿಯ ಮುಂದಿಟ್ಟ. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಹೊಂದಿಸಿ ಬರೆಯೋ ಕಲೆ ಆತನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಆದರೆ ಚೆನ್ನಾಗಿ ಸಿದ್ಧವಾದ ಟಾಕ್ ಮಾತ್ರವೇ ಒಳ್ಳೇ ಟಾಕ್ ಅಂತ ಫ್ಯಾರಡೆಯಿಂದ ಪಾಠ ಕಲಿಯೋಕೆ ಹೋದರೆ 1846ರ ಏಪ್ರಿಲ್ 3 ಅಡ್ಡ ಬರುತ್ತೆ. ಆ ಶುಕ್ರವಾರ ವಿಷಯ ಚಾರ್ಲ್ಸ್ ವೀಟ್‌ಸ್ಟನ್‌ನ ಕಾಲಮಾಪಕ ಉಪಕರಣ. ನಾಚಿಕೆ ಸ್ವಭಾವದ ವೀಟ್‌ಸ್ಟನ್ ಕೊನೇ ಗಳಿಗೆಯಲ್ಲಿ ಓಡಿಹೋದ, ಫ್ಯಾರಡೆ ಆ ಜಾಗಕ್ಕೆ ನಿಂತ ಅಂತ ಒಂದು ದಂತಕಥೆ ಇದೆ. ಅದರ ನೆಪದಲ್ಲಿ ಭಾಷಣಕಾರರನ್ನು ಮುಂಚೆಯೇ ಒಂದು ಕೋಣೆಯಲ್ಲಿ ಕೂಡಿಹಾಕೋ ಸಂಪ್ರದಾಯವೂ ಅಲ್ಲಿ ಹುಟ್ಟಿಕೊಂಡಿತು. ಕಥೆ ಹಾಗಿರಲಿ, ಅವತ್ತು ಉಪಕರಣದ ಬಗ್ಗೆ ಹೇಳಿ ಮುಗಿಸಿದ ಮೇಲೆ ಫ್ಯಾರಡೆ ತನ್ನ ತಲೆಯಲ್ಲಿ ಸುಳಿಯುತ್ತಿದ್ದ ಒಂದು ಊಹೆಯನ್ನು ಬಿಚ್ಚಿಟ್ಟ. ಬೆಳಕು ಅಂದರೆ ಬಲರೇಖೆಗಳ ಕಂಪನ ಇರಬಹುದೇ? ಪ್ರಯೋಗ ಇಲ್ಲ, ಪುರಾವೆ ಇಲ್ಲ, ಆತನ ಎಂದಿನ ಶಿಸ್ತೂ ಇಲ್ಲ. ಫೀಡ್‌ಬ್ಯಾಕ್ ಫಾರ್ಮ್ ಇದ್ದಿದ್ದರೆ ಅವತ್ತು ಅಂಕ ಕಡಿಮೆಯೇ ಬೀಳ್ತಿತ್ತು. ಸುಮಾರು ಇಪ್ಪತ್ತು ವರ್ಷದ ನಂತರ ಮ್ಯಾಕ್ಸ್‌ವೆಲ್ ಬೆಳಕಿನ ವಿದ್ಯುತ್ಕಾಂತೀಯ ಸಿದ್ಧಾಂತ ಮಂಡಿಸುವಾಗ, ತಾನು ಹೇಳ್ತಿರೋದರ ಸಾರ ಫ್ಯಾರಡೆ ಅವತ್ತೇ ಹೇಳಿದ್ದಾನೆ ಅಂತ ಒಪ್ಪಿಕೊಂಡ. ಇಂಥ ಟಾಕ್‌ಗೆ ಅಂಕ ಕೊಡೋದು ಹೇಗೆ ಅನ್ನೋದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ವೇಳಾಪಟ್ಟಿಯಲ್ಲಿ ಒಂದೆರಡು ಸ್ಲಾಟನ್ನು ಅರೆಬೆಂದ ವಿಚಾರಗಳಿಗೆ, ಅಂಕವಿಲ್ಲದೆ, ಬಿಟ್ಟಿರೋದು ಜಾಣತನ.

ಇನ್ನು ತೀರ್ಪು ಕೊಡೋರ ಕಡೆಗೆ ಬರೋಣ. 1853ರಲ್ಲಿ ಲಂಡನ್ನಿನ ಮನೆಮನೆಯಲ್ಲೂ ಮೇಜು ತಿರುಗಿಸೋ ಹುಚ್ಚು. ನಾಲ್ಕು ಜನ ಕೂತು ಮೇಜಿನ ಮೇಲೆ ಕೈಯಿಟ್ಟರೆ ಅದು ತಾನೇ ಚಲಿಸುತ್ತೆ, ಪ್ರೇತವೋ ವಿದ್ಯುತ್ತೋ ಏನೋ ಇದೆ ಅಂತ ಜನ ನಂಬಿದ್ದರು. ಫ್ಯಾರಡೆ ಕೂತವರನ್ನು ಮೋಸಗಾರರು ಅನ್ನಲಿಲ್ಲ. ಎರಡು ಹಲಗೆಗಳ ನಡುವೆ ಉರುಳುವ ಗಾಜಿನ ಕಡ್ಡಿಗಳನ್ನಿಟ್ಟು, ಮೇಲಿನ ಹಲಗೆ ಒಂಚೂರು ಸರಿದರೂ ತೋರಿಸೋ ಹುಲ್ಲುಕಡ್ಡಿಯ ಸೂಚಕ ಜೋಡಿಸಿದ. ಕೈ ಮೇಜನ್ನು ತಳ್ಳುತ್ತಿತ್ತೇ ಹೊರತು ಮೇಜು ಕೈಯನ್ನು ಎಳೀತಿರಲಿಲ್ಲ. ಸ್ವಾರಸ್ಯ ಏನಂದ್ರೆ, ಸೂಚಕ ತಮಗೇ ಕಾಣುವಂತೆ ಇಟ್ಟಾಗ ತಳ್ಳೋದು ನಿಂತುಹೋಗ್ತಿತ್ತು. ಪ್ರಾಮಾಣಿಕರೇ, ಗೊತ್ತಿಲ್ಲದೆ ತಳ್ಳುತ್ತಿದ್ದರು ಅಷ್ಟೇ. ಮರುವರ್ಷ ಮೇ ತಿಂಗಳಲ್ಲಿ, ರಾಣಿಯ ಗಂಡ ಆಲ್ಬರ್ಟ್ ಎದುರಿಗೆ ಕೂತಿದ್ದಾಗ, ಮನಸ್ಸಿನ ಶಿಕ್ಷಣದ ಬಗ್ಗೆ ಆತ ಮಾತಾಡಿದ. ನಮ್ಮಲ್ಲಿ ದೊಡ್ಡ ಕೊರತೆ ಸರಿಯಾಗಿ ತೀರ್ಪು ಮಾಡೋ ಶಕ್ತಿಯದ್ದು, ಅದಕ್ಕಿಂತ ದೊಡ್ಡದು ಆ ಕೊರತೆ ನಮ್ಮಲ್ಲಿದೆ ಅಂತ ಗೊತ್ತಿಲ್ಲದಿರೋದು, ಬೇಕಾದ್ದರ ಪರವಾಗಿ ಪುರಾವೆ ಹುಡುಕೋಕೆ ಮನಸ್ಸು ತಾನಾಗಿ ವಾಲುತ್ತೆ, ಹೀಗೆ ಅದರ ಧಾಟಿ.

ಟಾಕ್‌ಗೆ ಅಂಕ ಹಾಕೋ ಕೈಯೂ ಮೇಜಿನ ಮೇಲಿನ ಕೈಯೇ. ದೊಡ್ಡ ಕಂಪನಿಯ ಟೀ ಶರ್ಟ್, ನಮ್ಮದೇ ಬ್ರಾಂಚಿನ ಸೀನಿಯರ್, ಬೆಂಗಳೂರಿನ ಇಂಗ್ಲಿಷ್, ಇವೆಲ್ಲ ಒಂಚೂರು ತಳ್ಳುತ್ತವೆ, ತಳ್ಳಿದ್ದು ಗೊತ್ತಾಗಲ್ಲ. ಹುಲ್ಲುಕಡ್ಡಿಯ ಸೂಚಕವೊಂದು ನಮ್ಮ ಕಣ್ಣಿಗೂ ಬೇಕು. ಹೆಸರು ಮುಚ್ಚಿ ಅರ್ಜಿ ಓದೋದು ಅಂಥದ್ದು. ಟಾಕ್ ಮುಗಿದ ಕೂಡಲೇ ಚೆನ್ನಾಗಿತ್ತಾ ಅಂತ ಕೇಳೋ ಬದಲು, ವಾರದ ಮೇಲೆ ಕೇಳಿದವರಲ್ಲಿ ಯಾರಾದರೂ ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದರಾ, ಒಂದು ಪುಟ ಬರೆಯಬಲ್ಲರಾ ಅಂತ ಕೇಳೋದು ಇನ್ನೊಂದು. ಟೇಟಮ್ಮನ ಉಪನ್ಯಾಸ ಎಷ್ಟು ಒಳ್ಳೇದಿತ್ತು ಅನ್ನೋದಕ್ಕೆ ಇವತ್ತು ಸಾಕ್ಷಿ ಉಳಿದಿರೋದು ಕೇಳುಗನೊಬ್ಬನ ನೋಟ್ಸಿನಲ್ಲಿ ತಾನೇ?

ಫ್ಯಾರಡೆಯ ಅತಿ ಪ್ರಸಿದ್ಧ ಸರಣಿ ಮೇಣದಬತ್ತಿಯ ಮೇಲೆ. ಎಲ್ಲರ ಮನೆಯಲ್ಲೂ ಇರೋ ವಸ್ತು, ಟಾಕ್ ಮುಗಿದ ರಾತ್ರಿಯೇ ಮನೆಯಲ್ಲಿ ಮಾಡಿ ನೋಡಬಹುದು. ಆರಿಸಿದ ಬತ್ತಿಯಿಂದ ಏಳೋ ಬಿಳಿ ಹೊಗೆಗೆ ಕಡ್ಡಿ ತಾಗಿಸಿದರೆ ಜ್ವಾಲೆ ಹೊಗೆಯ ಗುಂಟ ಇಳಿದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತೆ. (ಹಾಸ್ಟೆಲಿನಲ್ಲಿ ಮಾಡೋದಾದ್ರೆ ವಾರ್ಡನ್ ಊಟಕ್ಕೆ ಹೋದಾಗ.) 1850ರಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಗೆ ಆ ನೋಟ್ಸ್ ಕೊಡ್ತೀರಾ ಅಂತ ಕೇಳಿದಾಗ ಕೊಟ್ಟ. 1860–61ರಲ್ಲಿ ಮತ್ತೆ ಅದೇ ವಿಷಯದ ಮೇಲೆ ಮಾತಾಡಿದ್ದನ್ನು ವಿಲಿಯಂ ಕ್ರೂಕ್ಸ್ ಪುಸ್ತಕ ಮಾಡಿದ. ಅದು ಇಂದಿಗೂ ಅಚ್ಚಾಗುತ್ತಿದೆ. ಇಷ್ಟೆಲ್ಲ ಕಂಡುಹಿಡಿದರೂ ಯಾವುದಕ್ಕೂ ಪೇಟೆಂಟ್ ಮಾಡಿಸಲಿಲ್ಲ, ಸರ್ ಪದವಿ ಬೇಡ ಅಂದ, ರಾಯಲ್ ಸೊಸೈಟಿಯ ಅಧ್ಯಕ್ಷಗಿರಿಯೂ ಬೇಡ ಅಂದ.

1839ರ ಹೊತ್ತಿಗೇ ನೆನಪು ಕೈಕೊಡೋಕೆ ಶುರುವಾಗಿತ್ತು. ವರ್ಷ ಕಳೆದಂತೆ ಹೆಚ್ಚಾಯ್ತು. 1861ರಲ್ಲಿ ಕ್ರಿಸ್‌ಮಸ್ ಉಪನ್ಯಾಸ ಬಿಟ್ಟುಕೊಟ್ಟ. 1862ರ ಜೂನ್ 20ರ ಶುಕ್ರವಾರ ಸೀಮೆನ್ಸ್‌ನ ಗ್ಯಾಸ್ ಕುಲುಮೆಗಳ ಬಗ್ಗೆ ಮಾತಾಡೋಕೆ ನಿಂತ. ನಡುವೆ ಟಿಪ್ಪಣಿಯ ಹಾಳೆಗಳಿಗೆ ಬೆಂಕಿ ತಾಗಿ ಸುಟ್ಟವು. ಅವತ್ತಿಗೆ ಬರೆದುಕೊಂಡಿದ್ದ ಟಿಪ್ಪಣಿಯಲ್ಲಿ ಕುಲುಮೆಯ ವಿಷಯದ ಜೊತೆ ತನ್ನದೇ ಬಗ್ಗೆ ಒಂದು ಪಟ್ಟಿ ಇತ್ತು. ನೆನಪು ಹೋಗುತ್ತಿರೋದರಿಂದ ಹೇಳೋ ಮಾತಿನಲ್ಲಿ ಅಳುಕು ಬರುತ್ತೆ. ತಲೆಯಲ್ಲಿ ಕೂಡಿಟ್ಟ ಜ್ಞಾನ ಬೇಕಾದಾಗ ಕೈಗೆ ಸಿಗಲ್ಲ. ಒಂದು ಕಾಲದಲ್ಲಿ ತನಗೆ ತಾನೇ ಇಟ್ಟುಕೊಂಡಿದ್ದ ಅಳತೆಗೋಲು ಮಸುಕಾಗುತ್ತಿದೆ. ಬೇರೆಯವರ ಕೆಲಸಕ್ಕೆ ನ್ಯಾಯ ಒದಗಿಸಬೇಕು, ಅದು ಆಗುತ್ತಿಲ್ಲ. ಪಟ್ಟಿಯ ಕೊನೆಯಲ್ಲಿ ಒಂದೇ ಪದ, ನಿವೃತ್ತಿ.

ಆ ಮೇಜಿನ ಹಿಂದೆ ಆತ ಮತ್ತೆ ನಿಲ್ಲಲಿಲ್ಲ. 1867ರ ಆಗಸ್ಟ್ 25ರಂದು, ರಾಣಿ ವಿಕ್ಟೋರಿಯಾ ವಾಸಕ್ಕೆ ಕೊಟ್ಟಿದ್ದ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ, ಓದುವ ಕುರ್ಚಿಯಲ್ಲಿ ಕೂತಂತೆಯೇ ತೀರಿಕೊಂಡ. ಹೈಗೇಟ್ ಸ್ಮಶಾನದಲ್ಲಿ ಆತನ ಸಮಾಧಿ ಇದೆ.